ಕಚ್ಚುನೀರಿಗೆ ಇಟ್ಟ ಸುಳ್ಳು ಹೆಸರು

ಗಾಜಿನ ಕಾರ್ಖಾನೆ ಎಂದರೆ ಹೊಗೆಗೂಡು, ಸೈರನ್ನು ಎಂದೆಲ್ಲ ಊಹಿಸಿಕೊಳ್ಳಬೇಡಿ. ಮುಂದೊಂದು ಅಂಗಡಿ, ಹಿಂದೊಂದು ಉದ್ದನೆಯ ಕೋಣೆ, ಮಗ್ಗುಲಲ್ಲೇ ಮನೆ. ಗಂಡ ಗಾಜು ಕತ್ತರಿಸುತ್ತಾನೆ, ಹೆಂಡತಿ ಅದರ ಮೇಲೆ ಹೂಬಳ್ಳಿ ಮೂಡಿಸುತ್ತಾಳೆ. ಬೀದಿಯವರ ಬಾಯಲ್ಲಿ ಅವಳು ಗಾಜಿನಕ್ಕ. ಗಾಜಿಗೆ ಮೇಣ ಬಳಿದು, ಸೂಜಿಯಿಂದ ಚಿತ್ರ ಗೀರಿ, ಮೇಲೆ ಆ್ಯಸಿಡ್ ಹಚ್ಚಿದರೆ ಗೀರಿದ ಕಡೆ ಮಾತ್ರ ಗಾಜು ಕರಗಿ ಚಿತ್ರ ನಿಲ್ಲುತ್ತದೆ. ಆ ಆ್ಯಸಿಡ್ಡಿಗೆ ಹೈಡ್ರೋಫ್ಲೋರಿಕ್ ಎಂದು ಹೆಸರು. ನಾಲಗೆ ಹೊರಳದ ಆ ಹೆಸರನ್ನು ಬಿಟ್ಟು ಅವರು ಅದನ್ನು ಕಚ್ಚುನೀರು ಎನ್ನುತ್ತಿದ್ದರು.

ಗಾಜನ್ನೇ ಕಚ್ಚುವ ನೀರು ಮನುಷ್ಯನನ್ನು ಬಿಡುತ್ತದೆಯೇ? ಅದು ಗಾಜಿನಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹಿಂದಿನ ಕೋಣೆಯ ಗೋಡೆಕಪಾಟಿನಲ್ಲಿ ಕ್ಯಾಲ್ಸಿಯಂ ಮುಲಾಮಿನ ಟ್ಯೂಬು ಸದಾ ಇರುತ್ತಿತ್ತು. ಮೈಗೆ ತಾಗಿದರೆ ಮೊದಲು ಧಾರಾಳ ನೀರು, ಆಮೇಲೆ ಆ ಮುಲಾಮು, ತಡಮಾಡದೆ ಆಸ್ಪತ್ರೆ. ಕೆಲಸಕ್ಕೆ ಬರುವವರಿಗೆಲ್ಲ ಅವಳು ಇದನ್ನು ಬಾಯಿಪಾಠ ಮಾಡಿಸುತ್ತಿದ್ದಳು.

ಆ ವರ್ಷ ಒಂದು ಹೊಸ ಹೋಟೆಲಿನ ಬಾಗಿಲುಗಳಿಗೆಲ್ಲ ಚಿತ್ತಾರದ ಗಾಜು ಬೇಕೆಂದು ಕೆಲಸ ಬಂತು. ಆದರೆ ಡ್ರಮ್ಮಿನಲ್ಲಿ ಕಚ್ಚುನೀರು ತಳ ಕಂಡಿತ್ತು. ಅದು ಬರಬೇಕಾದದ್ದು ಹೊರದೇಶದಿಂದ, ಹಡಗಿನಲ್ಲಿ. ಹೋಟೆಲಿನವರು ದಿನಾ ಫೋನು ಮಾಡಿ ಜೀವ ತಿನ್ನುತ್ತಿದ್ದರು. ಗಾಜಿನಕ್ಕನ ಗಂಡ ಮಹಡಿ ಮನೆಯ ಏಜೆಂಟಮ್ಮನನ್ನು ಕರೆಸಿದ. ಬಂದರಿಗೆ ಬರುವ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವುದೇ ಆಕೆಯ ಕಸುಬು.

ಏಜೆಂಟಮ್ಮ ಬೇಕಾದ ಕಾಗದಗಳನ್ನು ಹೇಳುತ್ತ ಹೋದಳು. ಆಮದು ಮಾಡುವ ನೋಂದಣಿ, ಆ್ಯಸಿಡ್ ದಾಸ್ತಾನು ಮಾಡುವ ಪರವಾನಗಿ, ನಿಜವಾದ ಹೆಸರು ಮತ್ತು ಸಾಂದ್ರತೆ ಬರೆದ ಬಿಲ್ಲು, ಸುರಕ್ಷತಾ ಮಾಹಿತಿ ಪತ್ರ, ಇದು ಅಪಾಯಕಾರಿ ಸರಕು ಎಂದು ಕಳಿಸುವವನೇ ಸಹಿ ಮಾಡಿದ ಘೋಷಣೆ.

"ತಾಯೀ, ನಾನು ಆ್ಯಸಿಡ್ ತರಿಸ್ತಿದೀನೋ, ರಾಜನ ಮಗಳನ್ನ ಮದುವೆ ಆಗ್ತಿದೀನೋ?" ಎಂದ ಗಂಡ.

"ರಾಜನ ಮಗಳು ಕೋಪ ಬಂದ್ರೆ ತವರಿಗೆ ಹೋಗ್ತಾಳೆ ಅಣ್ಣಾ. ಇದು ಹಾಗಲ್ಲ."

"ಕಸ್ಟಮ್ಸ್‌ನೋರಿಗೆ ತೆರಿಗೆ ಬಂದ್ರೆ ಸಾಕಲ್ವಾ? ನಯಾಪೈಸೆ ಬಿಡದೆ ಕಟ್ತೀನಿ. ಡ್ರಮ್ಮೊಳಗೇನಿದ್ರೆ ಅವ್ರಿಗೇನು?"

"ಬರೀ ತೆರಿಗೆ ಮಾತಲ್ಲ. ಡ್ರಮ್ಮು ಹಡಗಿಂದ ನಿಮ್ಮನೆ ಬಾಗಿಲಿಗೆ ಬರೋಷ್ಟರಲ್ಲಿ ಎಷ್ಟು ಕೈ ದಾಟುತ್ತೆ ಯೋಚ್ನೆ ಮಾಡಿ. ಇಳಿಸೋರು, ಜೋಡಿಸೋರು, ಲಾರಿಯೋರು. ಒಳಗೇನಿದೆ ಅಂತ ಅವ್ರಿಗೆ ಹೇಳೋರು ಯಾರು? ಡ್ರಮ್ಮಿನ ಮೇಲಿನ ಲೇಬಲ್ಲು, ಜೊತೆಗಿರೋ ಕಾಗದ, ಅಷ್ಟೇ. ನಿಜ ಬರೆದ್ರೆ ಅದನ್ನ ಇಂಥ ಸರಕಿಗೇ ಇರೋ ಬೇರೆ ಯಾರ್ಡಿಗೆ ಒಯ್ತಾರೆ. ಅಲ್ಲಿನ ಜನಕ್ಕೆ ಇದನ್ನ ಹೇಗೆ ಮುಟ್ಟಬೇಕು, ಮೈಮೇಲೆ ಬಿದ್ರೆ ಏನು ಮಾಡಬೇಕು ಗೊತ್ತಿರುತ್ತೆ."

"ಎಷ್ಟು ದಿನ ಆಗುತ್ತೆ?"

"ಆಗುತ್ತೆ ಸ್ವಲ್ಪ. ನಿಮ್ಮ ದಾಸ್ತಾನು ಪರವಾನಗಿ ಬೇರೆ ಹಳೇದಾಗಿದೆ, ನವೀಕರಿಸಬೇಕು. ಇವತ್ತೇ ಶುರು ಮಾಡೋಣ."

"ಹಾಗೇ ಮಾಡಿಬಿಡಿ ಅಕ್ಕಾ" ಎಂದಳು ಗಾಜಿನಕ್ಕ. ಗಂಡ ಎದ್ದು ಗಾಜು ಕತ್ತರಿಸಲು ಒಳಗೆ ಹೋದ. ಅವನು ಒಪ್ಪಿದನೆಂದೇ ಅವಳು ತಿಳಿದಳು.

ಅವನು ಒಪ್ಪಿರಲಿಲ್ಲ. ಬಂದರಿನ ಗೇಟಿನ ಹತ್ತಿರ ಅಡ್ಡದಾರಿಯ ಏಜೆಂಟನೊಬ್ಬ ಅವನ ಕಿವಿ ಊದಿದ. "ಗಾಜು ತೊಳೆಯೋ ದ್ರವ ಅಂತ ಬರೆಸಿ ಸಾರ್. ಸೋಪಿನ ನೀರಿನ ಜೊತೆ ಹೂವೆತ್ತಿದ ಹಾಗೆ ಬಂದುಬಿಡುತ್ತೆ. ಎಲ್ಲಾರೂ ಮಾಡೋದೇ." ಎಲ್ಲರೂ ಮಾಡುವುದು ಎಂಬ ಮಾತಿಗೆ ಮರುಳಾಗದವರು ಕಡಿಮೆ. ಗಂಡ ಹೊರದೇಶದ ವ್ಯಾಪಾರಿಗೆ ಫೋನು ಮಾಡಿ ಬಿಲ್ಲಿನಲ್ಲಿ ಹಾಗೇ ಬರೆಸಿದ, ಲೇಬಲ್ಲನ್ನೂ ಹಾಗೇ ಅಂಟಿಸಲು ಹೇಳಿದ. ಅವನು ಕೆಟ್ಟವನಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂದು ಒದ್ದಾಡುವ ಮನುಷ್ಯ. ಅಂಥವರು ಮಾಡುವ ತಪ್ಪು ನೋಡುವವರಿಗೆ ತಪ್ಪಿನಂತೆ ಕಾಣುವುದೂ ಇಲ್ಲ. ಹೆಂಡತಿಗೆ ಅವನು ಈ ವಿಷಯ ತಿಳಿಸಲಿಲ್ಲ.

ಗಾಜಿನಕ್ಕನಿಗೆ ಒಬ್ಬ ತಮ್ಮ. ತಾಯಿ ತೀರಿಕೊಂಡಾಗ ಅವನು ಇನ್ನೂ ಎತ್ತಿಕೊಳ್ಳುವ ಕೂಸು. ಅವಳೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಅವನು ಬಂದರಿನ ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಿದ್ದ. ಸೋಪು, ಬಣ್ಣ, ಪ್ಲಾಸ್ಟಿಕ್ ಸಾಮಾನು, ಹೀಗೆ ಸಾಧಾರಣ ಸರಕು ಇಳಿಯುವ ಗೋದಾಮು ಅದು. ಅವನು ಬಾಯಿಬಡಕ, ನಗಿಸುವ ಆಸಾಮಿ. ಅಕ್ಕನ ಮನೆಗೆ ಬಂದರೆ ಮೊದಲು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದ, ಆಮೇಲೆ ಅಕ್ಕನ ಮುಖ.

ಒಂದು ದಿನ ಅವನು ನಡುಮಧ್ಯಾಹ್ನಕ್ಕೇ ಬಂದ. ಪ್ಯಾಂಟು ಬದಲಾಯಿಸಿದ್ದ, ನಡಿಗೆ ಕುಂಟುತ್ತಿತ್ತು.

"ಏನೋ ಇದು? ಕೆಲಸದಿಂದ ಓಡಿಸಿಬಿಟ್ರಾ?"

"ನನ್ನ ಬಿಟ್ರೆ ಆ ಗೋದಾಮು ನಡೆಯುತ್ತೇನಕ್ಕಾ? ರಜಾ ಹಾಕಿ ಬಂದೆ. ಬೆಳಿಗ್ಗೆ ಒಂದು ಡ್ರಮ್ಮು ಕೆಳಗೆ ಬಿದ್ದು ಒಡೀತು. ಎತ್ತಿ ನಿಲ್ಸೋಕೆ ಹೋದೆ, ಎರಡೂ ತೊಡೆಗೆ ಸುರೀತು."

"ಏನಿತ್ತು ಅದ್ರಲ್ಲಿ?"

"ಏನೋ ತೊಳೆಯೋ ನೀರು. ಸೋಪಿನ ಸಾಮಾನಿನ ಜೊತೆಗೇ ಇತ್ತು. ನಲ್ಲಿ ಕೆಳಗೆ ತೊಳ್ಕೊಂಡೆ. ಆಗ ಏನೂ ಅನ್ನಿಸ್ಲಿಲ್ಲ, ಈಗ ಯಾಕೋ ಉರೀತಿದೆ."

ನೋಡಿದರೆ ಚರ್ಮ ಬರೀ ಕೆಂಪಗಾಗಿತ್ತು. ಕಚ್ಚುನೀರಿನ ಕಪಟವೇ ಅದು. ಹದವಾಗಿ ನೀರು ಬೆರೆಸಿದ್ದಾದರೆ ತಾಗಿದ ಗಳಿಗೆಯಲ್ಲಿ ಅಷ್ಟಾಗಿ ಸುಡುವುದಿಲ್ಲ. ಚರ್ಮ ದಾಟಿ ಒಳಗಿಳಿದು, ಗಂಟೆಗಳ ಮೇಲೆ ತನ್ನ ಗುಣ ತೋರಿಸುತ್ತದೆ. ಇದು ಗಾಜಿನಕ್ಕನಿಗೆ ಗೊತ್ತಿಲ್ಲದ್ದಲ್ಲ. ಆದರೆ ಸೋಪಿನ ಗೋದಾಮಿನಲ್ಲಿ ಕಚ್ಚುನೀರು ಇರುತ್ತದೆಂದು ಯಾರು ತಾನೇ ನೆನೆದಾರು? ತಾವು ತರಿಸುವ ಸರಕಿಗೆ ಏಜೆಂಟಮ್ಮ ಇನ್ನೂ ಕಾಗದ ಮಾಡಿಸುತ್ತಿದ್ದಾಳೆಂದೇ ಅವಳು ನಂಬಿದ್ದಳು. ಒದ್ದೆ ಬಟ್ಟೆ ಹಾಕಿ ತಮ್ಮನನ್ನು ಮಂಚದ ಮೇಲೆ ಮಲಗಿಸಿದಳು. ಆ ಮಂಚಕ್ಕೂ ಮುಲಾಮಿನ ಕಪಾಟಿಗೂ ನಡುವೆ ಇದ್ದದ್ದು ಒಂದೇ ಗೋಡೆ.

ಹೊತ್ತು ಹೋದಂತೆ ಅವನ ಮಾತು ಕಡಿಮೆಯಾಯಿತು. ಮೂಳೆಯ ಒಳಗಿಂದ ಯಾರೋ ಕೊರೆದಂತೆ ಆಗುತ್ತಿದೆ ಎಂದ. ಬೆರಳುಗಳು ಸೆಟೆದುಕೊಂಡವು. ಅವಳು ಆಟೋ ಹಿಡಿದು ಆಸ್ಪತ್ರೆಗೆ ಓಡಿದಳು.

"ಮೈಮೇಲೆ ಬಿದ್ದದ್ದೇನಮ್ಮಾ? ಹೆಸರು ಗೊತ್ತಾದ್ರೆ ಮದ್ದು ಕೊಡ್ತೀನಿ" ಎಂದರು ಡಾಕ್ಟರು. ಅವರೇ ಗೋದಾಮಿಗೆ ಫೋನು ಮಾಡಿದರು. ಆ ಕಡೆಯವರು ಕಾಗದ ನೋಡಿ ಓದಿ ಹೇಳಿದರು, "ಗಾಜು ತೊಳೆಯೋ ದ್ರವ." ಗಾಜು ಎಂಬ ಮಾತು ಕೇಳಿದ್ದೇ ಗಾಜಿನಕ್ಕನಿಗೆ ತಾವು ತರಿಸುವ ಸರಕು ನೆನಪಾಯಿತು. ಗಂಡ ಪಕ್ಕದ ಊರಿಗೆ ಗಾಜು ಕೂರಿಸಲು ಹೋಗಿದ್ದ. ಅವನಿಗೆ ಫೋನು ಹಚ್ಚಿದಳು.

"ರೀ, ನಮ್ಮ ಸರಕು ಬಂದಿದೆಯಾ? ಏನಂತ ಬರೆಸಿದೀರಿ? ನಿಜ ಹೇಳಿ. ತಮ್ಮನ ಮೇಲೆ ಬಿದ್ದಿದೆ."

ಆ ಕಡೆಯಿಂದ ಅವನು ಅಳುತ್ತ ಹೇಳಿದ. "ಅದು ಕಚ್ಚುನೀರು ಕಣೇ. ನಮ್ಮದೇ."

ಅವಳು ಹೈಡ್ರೋಫ್ಲೋರಿಕ್ ಎಂದು ಅದರ ನಿಜವಾದ ಹೆಸರನ್ನು ಕೂಗಿ ಹೇಳಿದಳು. ಡಾಕ್ಟರು ಎದ್ದು ಓಡಿದರು. ಕ್ಯಾಲ್ಸಿಯಂ ಮುಲಾಮು ಬಂತು, ಸೂಜಿಗಳು ಬಂದವು, ಆಸ್ಪತ್ರೆಯೇ ಅವನ ಸುತ್ತ ಸೇರಿತು. ಆದರೆ ವಿಷ ರಕ್ತಕ್ಕೆ ಇಳಿದಾಗಿತ್ತು. "ಅಕ್ಕಾ, ಭಾವನಿಗೆ ಬೈಬೇಡ" ಎಂದ ತಮ್ಮ. ಅದಾದ ಸ್ವಲ್ಪ ಹೊತ್ತಿಗೆ ಅವನ ಎದೆಬಡಿತ ನಿಂತುಹೋಯಿತು.

ಅವಳು ಬೈಯಲಿಲ್ಲ. ಬೈಯುವುದಕ್ಕೂ ಮೈಯಲ್ಲಿ ಕಸುವು ಬೇಕು. ಗಂಡ ತಾನಾಗಿಯೇ ಕಸ್ಟಮ್ಸ್ ಕಚೇರಿಗೆ ಹೋಗಿ ಮಾಡಿದ್ದೆಲ್ಲ ಒಪ್ಪಿಕೊಂಡ. ಸರಕು ಜಪ್ತಿಯಾಯಿತು, ದಂಡ ಬಿತ್ತು, ಮೊಕದ್ದಮೆ ಹೂಡಿದರು, ಹೋಟೆಲಿನ ಕೆಲಸ ಕೈತಪ್ಪಿತು. ಒಂದೇ ಸೂರಿನಡಿ ಗಂಡ ಹೆಂಡತಿ ಬಾಡಿಗೆದಾರರಂತೆ ಬದುಕಿದರು. ಅನ್ನ ಬಡಿಸುವಾಗ ಅವಳು ಅವನ ಮುಖ ನೋಡುತ್ತಿರಲಿಲ್ಲ.

ಎಷ್ಟೋ ಕಾಲದ ಮೇಲೆ ಕೆಲಸ ಮತ್ತೆ ಶುರು ಮಾಡಬೇಕಾಯಿತು. ಹೊಟ್ಟೆ ಕೇಳಬೇಕಲ್ಲ. ಈ ಸಲ ಏಜೆಂಟಮ್ಮನ ಎದುರು ಗಾಜಿನಕ್ಕನೇ ಕುಳಿತಳು.

"ಹೊಸ ಪರವಾನಗಿ ಕೈಗೆ ಬರೋವರೆಗೂ ಸರಕು ಹಡಗು ಹತ್ತೋದು ಬೇಡ" ಎಂದಳು ಏಜೆಂಟಮ್ಮ. "ಬಿಲ್ಲು, ಪ್ಯಾಕಿಂಗ್ ಪಟ್ಟಿ, ಸುರಕ್ಷತಾ ಪತ್ರ, ಲೇಬಲ್ಲು, ನಾಲ್ಕರಲ್ಲೂ ಒಂದೇ ಹೆಸರು ಇರ್ಬೇಕು. ಇಂಥ ಪ್ರತಿ ಆ್ಯಸಿಡ್ಡಿಗೂ ವಿಶ್ವಸಂಸ್ಥೆ ಕೊಟ್ಟ ಒಂದು ಯುಎನ್ ನಂಬರ್ ಇದೆ, ಯಾವ ದೇಶಕ್ಕೆ ಹೋದ್ರೂ ಅದೇ. ನಮ್ಮದಕ್ಕೆ ಒಂದು ಏಳು ಒಂಬತ್ತು ಸೊನ್ನೆ. ಭಾಷೆ ಬರದೇ ಇರೋರಿಗೂ ಅದನ್ನ ನೋಡಿದ್ರೆ ಒಳಗೇನಿದೆ ಗೊತ್ತಾಗುತ್ತೆ."

"ನಾವೇ ಇಂಥದ್ದನ್ನ ಹೊರದೇಶಕ್ಕೆ ಕಳಿಸೋದಾದ್ರೆ?"

"ಆಗಲೂ ಇಷ್ಟೇ. ಆಗ ಘೋಷಣೆಗೆ ಸಹಿ ಹಾಕೋರು ನಾವು. ಒಪ್ಪಿಗೆ ಪಡೆದ ಡ್ರಮ್ಮಲ್ಲೇ ತುಂಬಬೇಕು, ಹಡಗಿನೋರಿಗೆ ಮೊದಲೇ ತಿಳಿಸಬೇಕು. ಆ ಕಡೆ ಇಳಿಸೋರೂ ನಮ್ಮಂಥೋರೇ ಅಲ್ವಾ?"

ಬಾಗಿಲಲ್ಲಿ ನಿಂತಿದ್ದ ಗಂಡ ಮೆಲ್ಲಗೆ ಒಳಬಂದ. "ತಡ ಆದ್ರೆ ಆಗ್ಲಿ. ಕೆಲಸ ಕೊಟ್ಟೋರಿಗೆ ನಾನೇ ಹೇಳ್ತೀನಿ" ಎಂದ. ಗಾಜಿನಕ್ಕ ಅಂದು ಮೊದಲ ಬಾರಿಗೆ ಅವನ ಕಡೆ ತಿರುಗಿ ಕುರ್ಚಿ ಎಳೆದು ಕೊಟ್ಟಳು.

ಸರಕು ಬಂದ ದಿನ ಇಬ್ಬರೂ ಅಪಾಯಕಾರಿ ಸರಕಿನ ಯಾರ್ಡಿಗೆ ಹೋದರು. ತಂತಿಬೇಲಿಯ ಆಚೆ ಎಳೆಯ ಪ್ರಾಯದ ಕೆಲಸಗಾರನೊಬ್ಬ ಡ್ರಮ್ಮುಗಳ ಹತ್ತಿರ ಬಂದ. ಬಾಗಿ ಲೇಬಲ್ಲು ಓದಿದ. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದ. ವಾಪಸು ಹೋಗಿ ಮೊಣಕೈವರೆಗಿನ ದಪ್ಪ ಕೈಗವಸು, ರಬ್ಬರಿನ ನಿಲುವಂಗಿ, ಮುಖಕವಚ ಹಾಕಿಕೊಂಡು ಬಂದ. ಗಾಜಿನಕ್ಕ ತಂತಿಬೇಲಿ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅಂದು ನಿಜವಾದ ಹೆಸರೊಂದನ್ನು ಬರೆದಿದ್ದರೆ ಆಗುತ್ತಿದ್ದದ್ದು ಇಷ್ಟೇ.

ಆ್ಯಸಿಡ್ ತರಿಸುವವರೇ, ಕಳಿಸುವವರೇ, ಅವರ ಕಾಗದ ಬರೆಯುವವರೇ, ಕಸ್ಟಮ್ಸ್ ಕೇಳುವುದನ್ನು ಬರೀ ಕಿರುಕುಳವೆಂದು ತಿಳಿಯಬೇಡಿ. ನಿಮ್ಮ ದೇಶದ ನಿಯಮ ಏನೆಂದು ಮೊದಲೇ ಕಚೇರಿಯಲ್ಲಿ ಕೇಳಿ, ಪರವಾನಗಿ ಸಿಕ್ಕಮೇಲೆ ಸರಕು ತರಿಸಿ, ಲೇಬಲ್ಲು ಕೀಳಬೇಡಿ, ನಿಜವಾದ ಹೆಸರು ಬರೆಯಿರಿ. ನಿಮ್ಮ ಡ್ರಮ್ಮನ್ನು ನಾಳೆ ಯಾರು ಎತ್ತುತ್ತಾರೋ ನಿಮಗೆ ಗೊತ್ತಿಲ್ಲ. ಗಾಜಿನಕ್ಕನ ಗಂಡನಿಗೂ ಗೊತ್ತಿರಲಿಲ್ಲ.