ಸೊನ್ನೆಯಿಂದ ನಾಲ್ಕರವರೆಗೆ

“ಎಷ್ಟು ಸಲ ಬಡ್ಕೊಳ್ಳೋದು ನಿನ್ಗೆ? ಟಾನಿಕ್ ತಗೊಳ್ದೋರಿಗೆ ಆ ಮಾತ್ರೆ ಇಲ್ಲ ಅಂದ್ರೆ ಇಲ್ಲ! ಕಿವೀಲಿ ಹತ್ತಿ ತುರ್ಕೊಂಡಿದೀಯಾ, ದರಿದ್ರದವಳೇ?”

ಅಂಗಡಿಯ ಹಿಂದಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ನನ್ನನ್ನು ನಿಲ್ಲಿಸಿಕೊಂಡು ಯಜಮಾನರು ಉಗಿಯುತ್ತಿದ್ದರು. ಹದಿನೈದು ವರ್ಷದಿಂದ ಫಾರ್ಮಸಿಸ್ಟ್ ಆಗಿರುವವಳು ನಾನು. ಅವರು ಔಷಧಿಯ ವಿಷಯ ಓದಿದವರಲ್ಲ, ಅಂಗಡಿ ಮಾತ್ರ ಅವರದು. ಎರಡು ತಿಂಗಳಿಂದ ಫಿಟ್ಸ್ ಮಾತ್ರೆ ಊರಲ್ಲೆಲ್ಲೂ ಇಲ್ಲ, ನಮ್ಮಲ್ಲಿ ಮಾತ್ರ ಎರಡು ಪೆಟ್ಟಿಗೆ ಇದೆ. ಅವಧಿ ಮುಗಿಯಲು ಬಂದ ಟಾನಿಕ್ ಸೀಸೆಗಳನ್ನು ಅದರ ಜೊತೆ ಸೇರಿಸಿ ಮಾರಬೇಕೆಂದು ಅವರ ಅಪ್ಪಣೆ. ಹೋದ ತಿಂಗಳು ರಸ್ತೆ ಗುಡಿಸುವ ಹೆಂಗಸೊಬ್ಬಳು, ಮಗಳಿಗೆ ಮಾತ್ರೆ ಸಾಕು, ಟಾನಿಕ್ ಯಾಕೆ ಅಂತ ಜಗಳ ತೆಗೆದಿದ್ದಳು. ಯಜಮಾನರು ಊಟಕ್ಕೆ ಹೋದಾಗ ಅವಳಿಗೆ ಬರೀ ಮಾತ್ರೆ ಕೊಟ್ಟು ಕಳಿಸಿದ್ದೆ. ಅದು ಇವತ್ತು ಗೊತ್ತಾಗಿತ್ತು.

“ಆ ಮಗೂಗೆ ಒಂದು ದಿನ ಮಾತ್ರೆ ತಪ್ಪಿದ್ರೂ ಕಷ್ಟ ಸಾರ್.”

“ನಿನ್ನನ್ನ ಡಾಕ್ಟರ್ ಮಾಡಿದ್ದು ಯಾವ ಬೋಳಿಮಗ? ಇನ್ನೊಂದ್ಸಲ ಹಿಂಗಾದ್ರೆ ನಿನ್ನ ಸರ್ಟಿಫಿಕೇಟು ಮರ್ತುಬಿಡು.”

ನನ್ನ ಮೂಲ ಸರ್ಟಿಫಿಕೇಟು ಅವರ ಬೀರುವಿನಲ್ಲಿದೆ. ಕೆಲಸಕ್ಕೆ ಸೇರಿದ ದಿನವೇ ಇಸಿದುಕೊಂಡು ಬೀಗ ಹಾಕಿದರು. ಅದಿಲ್ಲದೆ ಬೇರೆ ಯಾವ ಅಂಗಡಿಯವರೂ ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಗಂಡ ಸೊಂಟ ಮುರಿದುಕೊಂಡು ಮಲಗಿದ್ದಾನೆ. ಇನ್ನೆಲ್ಲಿಗೆ ಹೋಗಲಿ? ಬಾಯಿ ಮುಚ್ಚಿಕೊಂಡು ಕೌಂಟರಿಗೆ ಬಂದೆ.

ಅರ್ಧ ಗಂಟೆಯೊಳಗೆ ಅದೇ ಹೆಂಗಸು ಬಂದಳು. ಕೈಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಗಿತ್ತು.

“ಅಕ್ಕಾ, ನಿನ್ನೆಗೇ ಮುಗ್ದೋಯ್ತು. ಒಂದು ಶೀಟು ಕೊಡು.”

ಪಕ್ಕದಲ್ಲಿ ಕೂತಿದ್ದ ಯಜಮಾನರು ಪೆನ್ನಿನಿಂದ ಗಾಜಿನ ಮೇಲೆ ಎರಡು ಸಲ ಕುಟ್ಟಿದರು. ಒಂದು ಸಲ ಕುಟ್ಟಿದರೆ ಟಾನಿಕ್ ಜೊತೆ ಕೊಡು ಅಂತ. ಎರಡು ಸಲ ಕುಟ್ಟಿದರೆ ಇಲ್ಲ ಅನ್ನು ಅಂತ. ಜಗಳ ಆಡಿದವರಿಗೆಲ್ಲ ಎರಡೇ.

“ಸ್ಟಾಕ್ ಇಲ್ಲಮ್ಮ,” ಅಂದೆ. ಮಾತ್ರೆ ಇದ್ದ ಡ್ರಾಯರು ನನ್ನ ಮೊಣಕಾಲಿಗೆ ತಾಗುತ್ತಿತ್ತು.

ಅವಳು ಬೈಯಲಿಲ್ಲ. “ಹೋಗ್ಲಿ ಬಿಡಕ್ಕಾ, ಮಾಲೇ ಬರ್ದೇ ಇದ್ರೆ ನೀನಾದ್ರೂ ಏನ್ಮಾಡ್ತೀಯಾ,” ಅಂತ ನನಗೇ ಸಮಾಧಾನ ಹೇಳಿ ಹೋದಳು. ಅದರ ಬದಲು ಕಪಾಳಕ್ಕೆ ಬಾರಿಸಿದ್ದರೂ ಚೆನ್ನಾಗಿತ್ತು.

ಮಧ್ಯಾಹ್ನ ಸಮೀಕ್ಷೆಯ ಹುಡುಗಿ ಬಂದಳು. ಯಾವುದೋ ಕಾಲೇಜಿನವಳಂತೆ, ಕೈಯಲ್ಲಿ ಕಾಗದದ ಕಟ್ಟು. ಔಷಧಿ ಅಂಗಡಿಯ ಫಾರ್ಮಸಿಸ್ಟುಗಳ ನೈತಿಕ ಸಂಕಟ ಅಳೆಯುತ್ತಿದ್ದಾಳಂತೆ.

“ಮನಸ್ಸಾಕ್ಷಿ ಒಂದು ಹೇಳುತ್ತೆ, ಕೆಲಸದಲ್ಲಿ ಇನ್ನೊಂದು ಮಾಡ್ಬೇಕಾಗುತ್ತಲ್ಲ ಮೇಡಂ, ಆಗ ಆಗೋ ನೋವು. ಸೊನ್ನೆ ಅಂದ್ರೆ ಇಲ್ವೇ ಇಲ್ಲ, ನಾಲ್ಕು ಅಂದ್ರೆ ತುಂಬಾ.”

ಅಬ್ಬಬ್ಬಾ! ಸಿರಪ್ಪು ಅಳೆದು ಅಳೆದು ಕೊಟ್ಟವಳ ಹೊಟ್ಟೆಯುರಿ ಅಳೆಯುವುದಕ್ಕೂ ಒಬ್ಬಳು ಬಂದಳಲ್ಲ ಅಂತ ನಗು ಬಂತು. ಯಜಮಾನರು ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದರು.

“ಸಾರ್, ಅವ್ರೊಬ್ರೇ ತುಂಬ್ಬೇಕು,” ಅಂದಳು ಹುಡುಗಿ.

“ಅಯ್ಯೋ, ನಮ್ದೆಲ್ಲಾ ಒಂದೇ ಮನೆ ಇದ್ದಂಗೆ ಕಣಮ್ಮಾ. ಬರಿ, ಬರಿ, ಗಿರಾಕಿಗಳು ಕಾಯ್ತಾವ್ರೆ.”

ಪ್ರಶ್ನೆ ಓದಿದೆ. ಯಾರೋ ನನ್ನ ಕೌಂಟರಿನ ಕೆಳಗೆ ಅಡಗಿ ಕೂತು ಬರೆದ ಹಾಗಿತ್ತು. ಯಜಮಾನರ ಹೆಬ್ಬೆರಳು ಸೊನ್ನೆಯ ಸಾಲಿನ ಮೇಲೆ ಇಳಿಯುತ್ತಾ ಹೋಯಿತು, ಅದರ ಹಿಂದೆಯೇ ನನ್ನ ಪೆನ್ನು. ಹದಿನೆಂಟು ಪ್ರಶ್ನೆಗೆ ಹದಿನೆಂಟು ಸೊನ್ನೆ.

“ಎಲ್ಲಾ ಸೊನ್ನೆ!” ಹುಡುಗಿಗೆ ಆಶ್ಚರ್ಯ. “ಇಷ್ಟು ನೆಮ್ಮದಿಯ ಅಂಗಡಿ ನಾನೆಲ್ಲೂ ನೋಡಿಲ್ಲ.”

ಯಜಮಾನರು ಹಲ್ಲು ಕಿರಿದರು. ಅವಳು ಕಾಗದವನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಗುಡಿಸುವ ಹೆಂಗಸು ಸಾಲಿನಲ್ಲಿದ್ದವರನ್ನು ತಳ್ಳಿಕೊಂಡು ಮತ್ತೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಅಕ್ಕಾ, ಊರೆಲ್ಲಾ ಸುತ್ತಿದೆ, ಎಲ್ಲೂ ಇಲ್ಲ. ಮಗಳು ಸ್ಕೂಲಲ್ಲಿ ಬಿದ್ದು ನಾಲಿಗೆ ಕಚ್ಕೊಂಡಿದಾಳೆ. ಆಸ್ಪತ್ರೆಯೋರೂ ಹೊರಗಡೆಯಿಂದ ತಗೊಂಬಾ ಅಂತಾರೆ. ನೀನು ಓದಿದೋಳು, ನಿನ್ನ ಮಾತು ನಂಬ್ತೀನಿ. ಎಲ್ಲಿ ಸಿಗುತ್ತೆ ಹೇಳು, ಅಲ್ಲಿಗೇ ಓಡ್ತೀನಿ.”

ಗಾಜಿನ ಮೇಲೆ ಪೆನ್ನು ಎರಡು ಸಲ ಕುಟ್ಟಿತು.

ಮೈಯೆಲ್ಲ ಉರಿದುಹೋಯಿತು ನನಗೆ. “ಆ ಕಾಗದ ಕೊಡಮ್ಮಾ ಇಲ್ಲಿ,” ಅಂತ ಹುಡುಗಿಯ ಕೈಯಿಂದ ಕಿತ್ತುಕೊಂಡೆ. ಸಾಲಿನಲ್ಲಿ ಏಳೆಂಟು ಜನ ಇದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಓದಿದೆ.

“ಆರನೇ ಪ್ರಶ್ನೆ. ಔಷಧಿ ಇದ್ದೂ ರೋಗಿಗೆ ಇಲ್ಲ ಅಂದಿದ್ದೀರಾ? ಅಂದಿದೀನಿ. ದಿನಾ ಅಂತೀನಿ. ಬೆಳಿಗ್ಗೆ ಈ ತಾಯಿಗೇ ಅಂದೆ. ಬರ್ಕೋ, ನಾಲ್ಕು!”

“ಏಯ್! ಮುಚ್ಚೇ ಬಾಯಿ, ಲೌಡಿ!”

ಡ್ರಾಯರು ಎಳೆದು, ಸಿಕ್ಕಷ್ಟು ಶೀಟುಗಳನ್ನು ಆ ಹೆಂಗಸಿನ ಮಡಿಲಿಗೆ ಹಾಕಿದೆ. “ಓಡು,” ಅಂದೆ. ಅವಳು ಓಡಲಿಲ್ಲ. ಮಾತ್ರೆ ನೋಡಿದಳು, ನನ್ನ ಮುಖ ನೋಡಿದಳು.

“ಬೆಳಿಗ್ಗೇನೂ ಇತ್ತಾ?”

“ಇತ್ತು.”

“ಥೂ, ನಿನ್ನ ಓದಿಗಿಷ್ಟು ಬೆಂಕಿ ಹಾಕ!” ನನ್ನ ಬಿಳಿ ಕೋಟಿನ ಮೇಲೆ ಉಗಿದು, ಮಡಿಲು ಹಿಡಿದುಕೊಂಡು ಓಡಿದಳು. ನಾನು ಒರೆಸಿಕೊಳ್ಳಲಿಲ್ಲ.

ಸಾಲಿನ ಕೊನೆಯಲ್ಲಿದ್ದ ಮುದುಕರೊಬ್ಬರು ಕೋಲೂರಿಕೊಂಡು ಮುಂದೆ ಬಂದರು.

“ಹೋದ ವಾರ ನನ್ನ ಹೆಂಡ್ತಿಗೂ ಇಲ್ಲ ಅಂದಿದ್ದೆಯಲ್ಲ ತಾಯಿ?”

“ಇತ್ತು ತಾತ. ನಿಮ್ಗೂ ಇತ್ತು.”

ಯಜಮಾನರು ನನ್ನ ತೋಳು ಹಿಡಿದು ಒಳಕ್ಕೆ ಎಳೆಯುತ್ತಿದ್ದರು. ಇನ್ನೊಂದು ಕೈಯಲ್ಲಿ ಕೌಂಟರು ಗಟ್ಟಿಯಾಗಿ ಹಿಡಿದುಕೊಂಡು ನಾನು ಏಳನೇ ಪ್ರಶ್ನೆ ಓದಲು ಶುರುಮಾಡಿದೆ.