ಗಾಜಿನ ಮೇಲೆ ಎರಡು ಹೆಬ್ಬೆರಳು

ಗಾಜಿನ ಬಲ ಮೂಲೆಯಲ್ಲಿ ಆ ಜಿಡ್ಡಿನ ಗುರುತು, ಅಂಗಡಿಯ ದೀಪಕ್ಕೆ ಓರೆ ಹಿಡಿದರೆ ಕಾಣುತ್ತದೆ, ನೇರ ಹಿಡಿದರೆ ಮಾಯ, ನೀರಿಗೆ ಕಲ್ಲು ಬಿದ್ದಾಗ ಏಳುವ ಬಳೆಗಳ ಹಾಗೆ ಒಂದರೊಳಗೊಂದು ಸುತ್ತಿಕೊಂಡ ಗೆರೆಗಳು — ಅಮ್ಮನ ಹೆಬ್ಬೆರಳು, ಇನ್ಯಾರದೂ ಅಲ್ಲ, ಊರೆಲ್ಲರ ಹೆಬ್ಬೆರಳು ಒರೆಸಿ ಒರೆಸಿ ಪಳಗಿದ ಕಣ್ಣು ಅವನದು, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಕತ್ತರಿಸಿ, ಅಂಚು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಕೊನೆಗೆ ಜೇಬಿನ ಹಳದಿ ಬಟ್ಟೆಯಿಂದ ಒಂದು ಸುತ್ತು ಒರೆಸಿ ಕೊಡುವುದೇ ಇಷ್ಟು ವರ್ಷದ ಬದುಕು, ಒರೆಸದೆ ಒಂದು ಗಾಜನ್ನು ಕೆಳಗಿಟ್ಟ ನೆನಪಿಲ್ಲ, ಬೆಳಿಗ್ಗೆ ಅಮ್ಮನ ಮಂಚದ ಪಕ್ಕದಿಂದ ಈ ಆಟದ ಯಂತ್ರವನ್ನು ಎತ್ತಿಕೊಂಡಾಗಲೂ ಹೇಳಿದ್ದು ಅದನ್ನೇ, ಗಾಜು ಕೊಳೆಯಾಗಿದೆ ಅಮ್ಮ, ಒರೆಸ್ಕೊಂಡು ತರ್ತೀನಿ, ಅಮ್ಮ ದಿಂಬಿನಿಂದ ತಲೆ ಎತ್ತದೆಯೇ, ಬೇಗ ತಾ ದೊಡ್ಡೋನೇ, ಸಂಜೆ ಚಿಕ್ಕೋನು ಬರ್ತಾನೆ, ಬಂದವನೇ ದೋಣಿ ಎಲ್ಲಿ ಅಂತಾನೆ — ಚಿಕ್ಕೋನು ಬರ್ತಾನೆ, ಬಸ್ಸಿನ ಪಾಳಿ ಮುಗಿಸಿ, ಕಾಲು ತೊಳೆಯದೆ, ಯಾರನ್ನೂ ಏನೂ ಕೇಳದೆ ನೇರ ಅಮ್ಮನ ಕೋಣೆಗೆ ಬರ್ತಾನೆ, ಬರಲಿ, ತಮ್ಮನಲ್ಲವೇ, ಬರಬೇಡ ಎಂದವರು ಯಾರು, ಸುಳ್ಳು ಹೇಳಿದ ನಾಲಿಗೆಯ ಮೇಲೆ ಇನ್ನೂ ಒಗರು, ಅವನು ಇದನ್ನು ತಂದದ್ದು ಒರೆಸಲಲ್ಲ, ಕೈಯಲ್ಲಿ ತೂಗಿ ನೋಡಲು ತಂದದ್ದು, ಇದಕ್ಕಿಂತ ದೊಡ್ಡದನ್ನು, ಇದಕ್ಕಿಂತ ಹೊಳೆಯುವಂಥದ್ದನ್ನು ಆರಿಸಲು, ತಮ್ಮ ತಂದುಕೊಟ್ಟ ಈ ಕರಿ ಹಲಗೆಯನ್ನು ಅಮ್ಮನ ಮಡಿಲಿನಿಂದ ಇಳಿಸಿ ಅಲ್ಲಿ ತನ್ನದೊಂದನ್ನು ಇಡಲು.

ಇವೆರಡೂ ಒಳಗೆ ಪೂರ್ತಿ ಕಂಪ್ಯೂಟರೇ ಸರ್, ಕೈಯಲ್ಲಿ ಹಿಡಿಯೋ ಹಾಗೆ ಮಾಡಿದ್ದಾರೆ ಅಷ್ಟೆ, ಎನ್ನುತ್ತಾಳೆ ಆಟದ ಯಂತ್ರಗಳ ಅಂಗಡಿಯ ಕೌಂಟರಿನಾಕೆ, ನಲವತ್ತರ ಹೆಂಗಸು, ಮೂಗಿನ ಮೇಲೆ ಕನ್ನಡಕ ಒಂದು ಕಡೆಗೆ ವಾಲಿದೆ, ಎಡಗಿವಿಯ ಕಡ್ಡಿ ಸ್ವಲ್ಪ ಬಗ್ಗಿಸಿದರೆ ಸರಿಹೋದೀತು, ಹೇಳಲೇ, ಬೇಡ, ಬಂದ ಕೆಲಸ ಬೇರೆ — ಗಾಜಿನ ಮೇಜಿನ ಮೇಲೆ ಎರಡು ಯಂತ್ರ ಮಲಗಿವೆ, ದೊಡ್ಡದು ಬಿಳಿ, ಚಿಕ್ಕದು ಬೂದು, ದೊಡ್ಡದನ್ನು ಎತ್ತಿದರೆ ಮಣಿಕಟ್ಟಿಗೆ ಭಾರ ತಿಳಿಯುತ್ತದೆ, ಇದರಲ್ಲಿ ಆಫೀಸ್ ಕಂಪ್ಯೂಟರಲ್ಲಿ ಇರತ್ತಲ್ಲ ಅದೇ ಸಿಸ್ಟಮ್ ಸರ್, ಯಾವ ಆಟ ಬೇಕಾದ್ರೂ ಓಡತ್ತೆ, ಸಿನಿಮಾ, ಮೇಲ್, ವಿಡಿಯೋ ಕಾಲ್, ಇಲ್ಲ ಅನ್ನೋದೇ ಇಲ್ಲ, ಆದ್ರೆ ಆನ್ ಮಾಡಿದ್ರೆ ಮೊದಲು ಪಾಸ್‌ವರ್ಡ್ ಕೇಳತ್ತೆ, ಆಮೇಲೆ ಅದು ಅಪ್‌ಡೇಟ್ ಮಾಡ್ಲಾ, ಇದಕ್ಕೆ ಒಪ್ಪಿಗೆ ಇದ್ಯಾ, ಅಂತ ಒಂದೊಂದೇ ಕಿಟಕಿ ತೆಗೆಯತ್ತೆ, ಬೆರಳಿಗೆ ಸಿಗದಷ್ಟು ಸಣ್ಣ ಅಕ್ಷರ, ಈ ಚಿಕ್ಕದರಲ್ಲಿ ಆಟಕ್ಕೆ ಅಂತಲೇ ಮಾಡಿದ ಸಿಸ್ಟಮ್, ಲಿನಕ್ಸ್ ಅಂತ ಬೇರೆ ಸಿಸ್ಟಮ್ ಮೇಲೆ ಕಟ್ಟಿದ್ದು, ಕೆಲವು ಆಟ ಇದರಲ್ಲಿ ಬರಲ್ಲ, ಅದು ಮೊದಲೇ ಹೇಳಿಬಿಡ್ತೀನಿ, ಆದ್ರೆ ಗುಂಡಿ ಒತ್ತಿದ್ರೆ ನಿದ್ದೆ, ಮತ್ತೆ ಒತ್ತಿದ್ರೆ ಬಿಟ್ಟ ಜಾಗಕ್ಕೇ ಎಚ್ಚರ, ಒಂದು ಮಾತು ಕೇಳಲ್ಲ, ನೀವು ತಂದಿದ್ದೀರಲ್ಲ, ಇದೂ ಅದೇ ಜಾತಿ, ಯಾರಿಗೆ ಸರ್, ಮಗನಿಗಾ — ಅಮ್ಮನಿಗೆ ಎಂದಾಗ ಅವಳ ಹುಬ್ಬು ಕನ್ನಡಕದ ಮೇಲೆ ಹತ್ತುತ್ತದೆ, ಹತ್ತಲಿ, ಅವನ ಹುಬ್ಬೂ ಒಂದು ದಿನ ಹತ್ತಿತ್ತು, ಪಾರ್ಶ್ವವಾಯು ಬಡಿದು ಅಮ್ಮನ ಎಡಗೈ ನಿಶ್ಚಲವಾದ ಮೇಲೆ, ಬೆರಳಾಡಿಸುವ ಏನಾದರೊಂದು ಕೊಡಿ ಎಂದು ವ್ಯಾಯಾಮ ಹೇಳಿಕೊಡುವವಳು ಅಂದಿದ್ದಳು, ಅವನು ಮೆತ್ತನೆಯ ಚೆಂಡು ತಂದ, ಚೆಂಡು ಮಂಚದ ಕೆಳಗೆ ಉರುಳಿ ಅಲ್ಲೇ ಉಳಿಯಿತು, ತಮ್ಮ ತಂದದ್ದು ಈ ಆಟ, ಒಂದು ನದಿ, ಒಂದು ದೋಣಿ, ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕುತ್ತ ಮೂಲದ ಕಡೆಗೆ ಹೋಗುವುದು, ಹೆಬ್ಬೆರಳಿಂದ ಆಡಿಸುವ ಬಲಗಡೆಯ ಸ್ಟಿಕ್ ಬಲ ಹುಟ್ಟು, ಎಡಗಡೆಯದು ಎಡ ಹುಟ್ಟು, ಈ ನೀರು ಎಲ್ಲಿಂದ ಬರತ್ತೆ ನೋಡೇಬಿಡ್ಬೇಕು ಕಣೋ, ಎಂದು ಅಮ್ಮ ಎದ್ದು ಕೂತಳು, ಎರಡು ತಿಂಗಳು ಗೋಡೆ ನೋಡುತ್ತಿದ್ದವಳು, ಅವನ ಹೆಂಡತಿ ಅಡುಗೆಮನೆಯಿಂದ, ಅತ್ತೆ ನಡುನೀರಲ್ಲಿದ್ದಾರೆ, ದಡ ಸೇರಿದ ಮೇಲೆ ತಟ್ಟೆ ಇಡೋಣ, ಅಂದಳು, ಮನೆಯೆಲ್ಲ ನಕ್ಕಿತು, ಅವನೂ ನಕ್ಕ, ನಗದೆ ಇದ್ದರೆ ಕಾಣುತ್ತಿತ್ತಲ್ಲ.

ಕಾಣುತ್ತಿದ್ದದ್ದು ಏನು — ಬಾಗಿಲ ಸಂದಿಯಿಂದ ಅವನಿಗೆ ದಿನವೂ ಕಾಣುವುದು, ತಮ್ಮ ಅಮ್ಮನ ಎಡಗಡೆ ಒತ್ತಿಕೊಂಡು ಕೂತಿದ್ದಾನೆ, ಅವನ ಬಲತೋಳು ಅವಳ ಬೆನ್ನ ಹಿಂದೆ, ಎಡಗೈ ಯಂತ್ರದ ಎಡ ಅಂಚಿನಲ್ಲಿ, ಅಮ್ಮನ ಬಲಗೈ ಬಲ ಅಂಚಿನಲ್ಲಿ, ಒಂದೇ ಹಲಗೆ ಇಬ್ಬರ ಕೈಯಲ್ಲಿ, ಅವಳದೊಂದು ಹೆಬ್ಬೆರಳು ಅವನದೊಂದು, ಬಲಕ್ಕೊಂದು ಎಡಕ್ಕೊಂದು, ಅವಳ ತಲೆ ಅವನ ಭುಜಕ್ಕೆ ವಾಲಿ, ಆ ನೀರಿನ ಸದ್ದು, ಝುಳು ಝುಳು, ಹುಟ್ಟು ಮುಳುಗಿ ಏಳುವ ಸದ್ದು, ಅದು ಕೇಳಿದರೆ ಬಾಗಿಲಲ್ಲಿ ನಿಂತವನು ತಿರುಗಿ ಹೋಗಿ ಮಾತ್ರೆ ಡಬ್ಬಿ ತೆಗೆದು ಮತ್ತೆ ಎಣಿಸುತ್ತಾನೆ, ಬಚ್ಚಲಿಗೆ ಹಿಡಿಕಂಬಿ ಹಾಕಿಸಿದವನು ಅವನು, ಮಾತ್ರೆ ಎಣಿಸಿ ಕೊಡುವವನು ಅವನು, ಕೂತಲ್ಲಿಂದಲೇ ಆಟದ ತೆರೆ ಕಾಣಲೆಂದು ಹೊಸ ಕನ್ನಡಕದ ಗಾಜನ್ನು ತನ್ನ ಕೈಯಿಂದಲೇ ಉಜ್ಜಿ ಕೂರಿಸಿದವನು ಅವನು, ಅಂದರೆ ತಮ್ಮನ ದೋಣಿಯನ್ನು ಅವಳು ನೋಡುವುದೂ ಅವನ ಗಾಜಿನೊಳಗಿಂದಲೇ, ಬಂದವರೆಲ್ಲ ದೊಡ್ಡೋನು ಮನೆಗೆ ಬೆನ್ನೆಲುಬು ಅನ್ನುತ್ತಾರೆ, ಸರಿ, ಬೆನ್ನೆಲುಬಿನ ಮುಖ ಯಾರು ನೋಡುತ್ತಾರೆ — ಇದು ನನಗೂ ಬರತ್ತೆ ಅಮ್ಮ, ಎಂದು ಒಮ್ಮೆ ತಮ್ಮನಿಗೆ ರಾತ್ರಿ ಪಾಳಿ ಬಿದ್ದ ವಾರ ತಾನೇ ಹೋಗಿ ಎಡಗಡೆ ಕೂತ, ಕೂತದ್ದೂ ಸರಿಯಾಗಲಿಲ್ಲ, ಮೊಣಕೈ ಅವಳಿಗೆ ಚುಚ್ಚಿತು, ಹೆಬ್ಬೆರಳು ಒತ್ತಿದ, ಜೋರಾಗಿ, ಬೇಗ ಬೇಗ, ತಮ್ಮ ಒಂದು ವಾರದಲ್ಲಿ ಹೋದ ದೂರವನ್ನು ಒಂದು ಸಂಜೆಗೆ ಹೋಗಿಬಿಡುವ ಹಾಗೆ, ದೋಣಿ ಗಿರಗಿರ ತಿರುಗಿತು, ಹೋದ ದಾರಿಗೇ ಮೂತಿ ಮಾಡಿ ನಿಂತಿತು, ಮತ್ತೆ ತಿರುಗಿತು, ಅಮ್ಮ ನಕ್ಕಳು, ಬೈದಿದ್ದರೆ ಚೆನ್ನಾಗಿತ್ತು, ನಿಂಗೆ ಆತುರ ಕಣೋ ದೊಡ್ಡೋನೇ, ನನ್ನ ಬೆರಳು ನಿಧಾನ, ನೀನು ನನ್ನ ಬಿಟ್ಟು ಹೋಗ್ತೀಯ, ಅವನು ಕಾಯ್ತಾನೆ — ಅವನು ಕಾಯ್ತಾನೆ, ಕಾಯುವುದೇ ಅವನ ಕೆಲಸ, ಓಡಿ ಬರುವ ಮುದುಕಿಗಾಗಿ ಬಸ್ಸನ್ನು ನಿಲ್ಲಿಸಿಕೊಂಡು ಹಿಂದಿನವರ ಹಾರನ್ ಕೇಳುತ್ತ ಕೂರುವವನು, ಇಡೀ ಊರೇ ಅವನನ್ನು ಮೆಚ್ಚುವುದು ಅದಕ್ಕೆ, ಮನೆಯಲ್ಲೂ ಅದಕ್ಕೆ, ಮಾಡುವವನಿಗಿಂತ ಕಾಯುವವನಿಗೇ ಬೆಲೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ತಾನೂ ಕಾಯುತ್ತಿದ್ದ, ಹೇಳಲಿಲ್ಲ.

ದೊಡ್ಡದೇ ಇರಲಿ ಎಂದಿತು ಬಾಯಿ, ಬೆರಳು ಮಾತ್ರ ಬೂದು ಬಣ್ಣದ ಚಿಕ್ಕದನ್ನು ಸವರುತ್ತಿದೆ, ದೊಡ್ಡದು ತೆಗೆದುಕೊಂಡು ಹೋದರೆ ಅಮ್ಮ ಏನನ್ನುತ್ತಾಳೆ, ಪಾಸ್‌ವರ್ಡ್ ಕೇಳಿದರೆ, ನನ್ನ ಕೈ ನೋಡಿದ್ರೆ ಗೊತ್ತಾಗಲ್ವಾ ಇದಕ್ಕೆ, ಅಂದಾಳು, ಎಲ್ಲ ಮಾಡುತ್ತದೆ ಈ ಬಿಳಿಯದು, ಇಲ್ಲ ಅನ್ನುವುದಿಲ್ಲ, ಆದರೆ ಹತ್ತಿರ ಹೋದರೆ ಒಂದೊಂದೇ ಪ್ರಶ್ನೆ, ಮಾತ್ರೆ ನುಂಗಿದ್ಯಾ, ಬಿ.ಪಿ. ನೋಡಿದ್ರಾ, ಕಾಲುಚೀಲ ಯಾಕೆ ಹಾಕ್ಕೊಂಡಿಲ್ಲ, ವ್ಯಾಯಾಮ ಆಯ್ತಾ — ಅಯ್ಯೋ ಇದು ತಾನೇ, ತನ್ನನ್ನೇ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ಮೇಜಿನ ಮೇಲಿಟ್ಟಿದ್ದಾರೆ, ಆ ಇನ್ನೊಂದು ತಮ್ಮ, ಹತ್ತು ಕೆಲಸ ಬಾರದು, ಮುಟ್ಟಿದರೆ ಎಚ್ಚರ, ಬಿಟ್ಟ ಜಾಗದಿಂದಲೇ ಶುರು, ಏನಮ್ಮ ನಿನ್ನೆ ಎಲ್ಲಿದ್ವಿ, ಆ ಬಂಡೆ ಹತ್ರ ಅಲ್ವಾ — ಹುಟ್ಟಿದಾಗಿನಿಂದ ಹೀಗೇ, ತಮ್ಮ ಹುಟ್ಟಿದ ದಿನ ಅವನ ಹಾಸಿಗೆ ಗೋಡೆಯ ಕಡೆಗೆ ಸರಿಯಿತು, ನೀನು ದೊಡ್ಡೋನಾದೆ ಅಲ್ವಾ ರಾಜ, ಗೋಡೆ ತಣ್ಣಗಿತ್ತು, ಆದರೂ ಜ್ವರ ಬಂದ ರಾತ್ರಿ ಅಮ್ಮನ ಹೆಬ್ಬೆರಳು ಕತ್ತಲಲ್ಲಿ ಅವನ ಹಣೆಯನ್ನು ಹುಡುಕಿಕೊಂಡು ಬರುತ್ತಿತ್ತು, ಎರಡು ಹುಬ್ಬಿನ ನಡುವೆ ಇಟ್ಟು ಮೇಲಕ್ಕೆ, ಮೇಲಕ್ಕೆ, ನದಿಗೆ ಎದುರಾಗಿ ಹೋಗುವ ಹಾಗೆ, ಈಗಲೂ ಆಟವಿಲ್ಲದ ಹೊತ್ತಿನಲ್ಲಿ ಅವಳ ಆ ಹೆಬ್ಬೆರಳು ಹೊದಿಕೆಯ ಮೇಲೆ ಹಾಗೇ ಚಲಿಸುತ್ತದೆ, ಯಾರ ಹಣೆ ಅದು, ಯಾರ ನೀರು — ಹೊಟ್ಟೆಕಿಚ್ಚಿನ ಒಲೆ ಮೇಲೆ ಒಂದು ಲೋಟ ನೀರೂ ಕಾಯಲ್ಲ ಕಣೋ, ಎನ್ನುತ್ತಿದ್ದವಳು ಅವಳೇ, ಗೊತ್ತು, ದೇವರಿಗೂ ಗೊತ್ತು, ದಿನ ಬೆಳಿಗ್ಗೆ ಕಣ್ಣು ಮುಚ್ಚಿ, ಭಗವಂತಾ ಅಮ್ಮನ ಎಡಗೈ ಸರಿಮಾಡು ಎಂದು ಬೇಡುತ್ತಾನೆ, ನಿನ್ನೆಯೂ ಬೇಡಿದ, ಬೇಡುತ್ತ ಬೇಡುತ್ತ ಆ ಮಾತಿನ ತಳದಲ್ಲಿ ಇನ್ನೊಂದು ಮಾತು ಮಲಗಿರುವುದು ಕೈಗೆ ತಗುಲಿತು, ಎಡಗೈ ಸರಿಮಾಡು, ಆಮೇಲೆ ಅವಳಿಗೆ ತಮ್ಮ ಬೇಕಾಗುವುದಿಲ್ಲ, ತಟ್ಟನೆ ಕಣ್ಣು ತೆರೆದ, ಕೇಳಿಸಿಕೊಳ್ಳುವವನು ಕೇಳಿಸಿಕೊಂಡಾಗಿತ್ತು, ಅಂಥವನ ಮುಂದೆ ಏನನ್ನು ಒರೆಸುವುದು.

ಎಕ್ಸ್‌ಚೇಂಜ್ ಇದೆ ಸರ್, ಈ ಹಳೇದನ್ನ ಕೊಟ್ಟು ಹೋಗ್ಬಹುದು, ಎನ್ನುತ್ತಾಳೆ ಕೌಂಟರಿನಾಕೆ, ಅದು ತಮ್ಮನದಲ್ಲವೇ, ಇರಲಿ, ಇಬ್ಬರಿಗೂ ಸೇರಿ ಹೊಸದು ತಂದೆ ಎಂದರಾಯಿತು, ಅಣ್ಣನಾದವನು ತಂದರೆ ತಪ್ಪೇ, ಗುಂಡಿ ಒತ್ತಿ ಅವಳು ಯಂತ್ರವನ್ನು ಎಬ್ಬಿಸಿದಳು, ನಿನ್ನೆ ಸಂಜೆ ಬಿಟ್ಟ ಜಾಗಕ್ಕೇ ಅದು ಕಣ್ಣು ಬಿಟ್ಟಿತು, ನಡುನದಿ, ಇಳಿಬಿಸಿಲು, ದೋಣಿಯ ಎರಡೂ ಹುಟ್ಟು ನೀರಿನಿಂದ ಮೇಲೆದ್ದು ಹನಿ ತೊಟ್ಟಿಕ್ಕುತ್ತ ನಿಂತಿವೆ, ಝುಳು ಝುಳು ಎಂದು ಅಂಗಡಿ ತುಂಬ ಅದೇ ಸದ್ದು, ಓ ಈ ಆಟವಾ, ನಾನೂ ಆಡಿದ್ದೀನಿ, ತುಂಬ ಮೇಲೆ ಬಂದುಬಿಟ್ಟಿದ್ದಾರೆ ಸರ್ ಅಮ್ಮ, ಇನ್ನೆರಡು ತಿರುವು ಕಳೆದ್ರೆ ಮೂಲ, ಎಷ್ಟು ದೂರ ಬಂದ್ರು ಅನ್ನೋದನ್ನೆಲ್ಲ ಈ ಆಟ ಯಂತ್ರದೊಳಗೇ ಇಟ್ಟುಕೊಂಡಿರತ್ತೆ, ನೀವು ಹೇಳಿದ್ರೆ ಹೊಸದಕ್ಕೆ ತುಂಬಿ ಕೊಡ್ತೀನಿ, ಸ್ವಲ್ಪ ಹೊತ್ತು ಹಿಡಿಯತ್ತೆ, ತುಂಬ್ಲಾ, ಇಲ್ಲ ಮೊದಲಿಂದ ಶುರು ಮಾಡ್ತಾರಾ — ಮೊದಲಿಂದ, ಎಷ್ಟು ಮೆತ್ತಗಿನ ಮಾತು ಅದು, ಮೊದಲಿಂದ ಎಂದರೆ ನದಿ ಸಮುದ್ರ ಸೇರುವ ಆ ಕೆಳಗಿನ ದಂಡೆ, ಕಟ್ಟಿದ ದೋಣಿಯ ಹಗ್ಗ ಬಿಚ್ಚುವುದು, ತಮ್ಮ ಬಸ್ಸಿನಲ್ಲಿದ್ದಾನೆ, ಅವನು ಬರುವಷ್ಟರಲ್ಲಿ ಅಮ್ಮನ ಎಡಗಡೆ ತಾನು ಕೂತಿರುತ್ತಾನೆ, ಈ ಸಲ ಆತುರವಿಲ್ಲ, ಈ ಸಲ ಕಾಯುತ್ತಾನೆ, ಮೊದಲ ತಿರುವು, ಮೊದಲ ಬಂಡೆ, ಎಲ್ಲ ಅವನ ಜೊತೆ, ಹಳೆಯದು ಹೋಯಿತಮ್ಮ, ಯಂತ್ರ ಕೆಟ್ಟಿತ್ತು, ಏನು ಮಾಡುವುದು — ಮೊದಲಿಂದಲೇ, ಎಂದುಬಿಟ್ಟ, ಸರಿ ಎಂದು ಅವಳು ಎಲ್ಲೆಲ್ಲೋ ಮುಟ್ಟಿದಳು, ನದಿ ಮಾಯವಾಗಿ, ಗಾಜೆಲ್ಲ ಬೆಳ್ಳಗಾಯಿತು, ನಡುವೆ ಒಂದೇ ಸಾಲು, ಎಲ್ಲವನ್ನೂ ಅಳಿಸಲೇ, ಹಳೇದನ್ನ ಅಳಿಸಿಯೇ ತಗೊಳ್ಳೋದು, ಎರಡೂ ಕಡೆಯ ಗುಂಡಿ ಒಟ್ಟಿಗೆ ಒತ್ತಿ ಹಿಡೀಬೇಕು ಸರ್, ತಂದವರು ನೀವು, ನೀವೇ ಒತ್ತಿಬಿಡಿ, ನಾಳೆ ನಾನು ಅಳಿಸಿದೆ ಅಂತಾಗಬಾರದು.

ಬೆಳ್ಳಗಿನ ಬೆಳಕು ಕೆಳಗಿನಿಂದ ಬಂತು, ಕೋಣೆಯಲ್ಲಿ ಗಾಜನ್ನು ದೀಪದ ಮೇಲೆ ಹಿಡಿದು ಪರೀಕ್ಷಿಸುವಾಗ ಬರುವ ಹಾಗೆಯೇ, ಹಾಗೆ ಹಿಡಿದರೆ ಯಾವ ಗುರುತೂ ಅಡಗುವುದಿಲ್ಲ, ಬಲಕ್ಕೆ ಅಮ್ಮನದು, ಸ್ಟಿಕ್ಕಿನಿಂದ ಜಾರಿ ಜಾರಿ ಗಾಜಿನ ಮೇಲೆ ಬಿದ್ದದ್ದು, ಎಳೆದದ್ದು, ಉದ್ದಕ್ಕೆ, ಮೇಲಕ್ಕೆ, ಮೇಲಕ್ಕೆ, ಎಡಕ್ಕೂ ಒಂದು ಇದೆ, ಇಷ್ಟು ಹೊತ್ತು ಅದನ್ನು ನೋಡಿಯೇ ಇರಲಿಲ್ಲ, ಅಗಲವಾದ ಬೆರಳು, ತಮ್ಮನದು, ಅದು ಜಾರಿಲ್ಲ, ಎಳೆದಿಲ್ಲ, ಒಂದೇ ಕಡೆ ಒಂದರ ಮೇಲೊಂದು ಕೂತು ಕೂತು ಗೆರೆಗಳೇ ಮುಚ್ಚಿಹೋಗಿ ದಪ್ಪಗೆ ಜಿಡ್ಡುಗಟ್ಟಿದೆ, ಹುಟ್ಟು ಹಾಕಿದ ಬೆರಳಿನ ಗುರುತಲ್ಲ ಅದು, ಹುಟ್ಟು ಹಾಕದೆ ಗಾಜಿನ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದ ಬೆರಳಿನದು, ಅವಳದು ನಿಧಾನಕ್ಕೆ ಎದ್ದು ಮುಳುಗಿ ಬರುವವರೆಗೆ ಪ್ರತಿ ಸಲವೂ ಅಲ್ಲೇ ನಿಂತಿದ್ದ ಬೆರಳಿನದು, ಕಾದದ್ದಕ್ಕೂ ಒಂದು ಗುರುತು ಬೀಳುತ್ತದೆ ಎಂದು ಇಷ್ಟು ವರ್ಷ ಗಾಜು ಒರೆಸಿದವನಿಗೆ ತಿಳಿದಿರಲಿಲ್ಲ — ಒತ್ತಿ ಸರ್ — ಅವನ ಎರಡು ಹೆಬ್ಬೆರಳು ಎರಡೂ ಕಡೆ ಮೇಲೆ ನಿಂತಿವೆ, ನೀರಿನಿಂದ ಎದ್ದ ಹುಟ್ಟುಗಳ ಹಾಗೆ, ಇಳಿಯುತ್ತಿಲ್ಲ, ಎಡಗಡೆಯದು ಆ ಜಾಗಕ್ಕೆ ತನ್ನನ್ನು ಅಳೆದು ನೋಡುತ್ತದೆ, ಸಣ್ಣದು, ಹೊಂದುವುದಿಲ್ಲ, ಹೊಟ್ಟೆಕಿಚ್ಚಿನ ಒಲೆ ಈಗಲೂ ಉರಿಯುತ್ತಲೇ ಇದೆ, ಆರಿಲ್ಲ, ಆರುವುದೂ ಇಲ್ಲವೇನೋ, ಭಗವಂತಾ — ಯಾಕೆ ಸರ್, ತುಂಬಾ ಕೊಳೆಯಾಗಿದೆ ಅಂತಾನಾ, ತಾಳಿ ಒರೆಸ್ತೀನಿ, ಎಂದು ಅವಳು ಕೌಂಟರಿನ ಬಟ್ಟೆ ತೆಗೆದಳು, ಬೇಡ ಎಂದ, ಒರೆಸ್ಬೇಡಿ, ಏನೂ ಬೇಡ, ಹಂಗೇ ಇರ್ಲಿ, ಅವಳ ಕೈ ನಡುವೆಯೇ ನಿಂತಿತು, ಮುಟ್ಟುವವರಿಲ್ಲದೆ ಬೆಳಕು ತಾನಾಗಿಯೇ ಕುಗ್ಗಿ ಯಂತ್ರ ನಿದ್ದೆಗೆ ಹೋಯಿತು, ಅಳಿಸಲೇ ಎಂಬ ಮಾತು ಹೋಯಿತು, ಕರಿಗಾಜು ಉಳಿಯಿತು, ಸಂಜೆಯಾಗುತ್ತಿದೆ, ಹೊರಗೆ ಯಾವುದೋ ಬಸ್ಸು ಯಾರಿಗಾಗಿಯೋ ನಿಂತು ಗುರುಗುಡುತ್ತಿದೆ, ಅವನ ಜೇಬಿನಲ್ಲಿ ಹಳದಿ ಬಟ್ಟೆ, ಕರಿಗಾಜಿನ ಮೇಲೆ ಓರೆ ಬೆಳಕು, ಬಲಕ್ಕೊಂದು ಹೆಬ್ಬೆರಳು, ಎಡಕ್ಕೊಂದು, ಬಲಕ್ಕೊಂದು, ಎಡಕ್ಕೊಂದು