ಬೆರಳಿನ ಮುಳ್ಳು

ತೀರಿಕೊಂಡ ತಮ್ಮನ ಹಣೆಗೆ ವಿಭೂತಿ ಬಳಿಯುತ್ತಲೇ ಬಾಯವ್ವ ಹೇಳಿದಳು: “ನಮ್ಮ ನಿಜಗುಣಿ ಮುರಗೋಡ ಮಠದಾಗ ಪುರಾಣ ಓದಿದ್ರ ತೊರಗಲ್ ಕ್ವಾಟ್ಯಾಗ ಮಲಗಿದ ಕೂಸು ಏಳತಿದ್ವು.”

ತಮ್ಮನ ಸೊಸೆ ಸೀತವ್ವ ಅಳು ನಿಲ್ಲಿಸಿ ನೋಡಿದಳು.

“ಅರ್ಧಾ ಸುಳ್ಳ ತಗೋ,” ಎಂದಳು ಬಾಯವ್ವ. “ ಹೊಲದಾಗ ಓದಿದ್ರ ಮನಿಗೆ ಕೇಳತಿತ್ತು, ಅಷ್ಟು ಖರೆ.”

ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಮುದುಕಿಯಾದವಳು ಬಾಯವ್ವ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ನಿಜಗುಣಪ್ಪನ ಮುಂದೆ ಕುಳಿತು ಮಂದಿ ಅವನ ಓದನ್ನೇ ನೆನೆಯುತ್ತಿದ್ದರು. ಮಗ ರಾಯಪ್ಪ ಮಾತ್ರ ಹಿತ್ತಲಿಗೆ ಸರಿದಿದ್ದ. ಹೆಣ ಹೂಳುವ ಕುಣಿಯಲ್ಲಿ ಇಡುವ ವಿಭೂತಿ ಗಟ್ಟಿಗಳ ಮೇಲೆ ಹಿರಿಯ ಮಗನೇ ಕಡ್ಡಿಯಿಂದ ಶಿವನ ಹೆಸರು ಕೊರೆಯುವುದು ಆ ಮನೆತನದ ಪದ್ಧತಿ. ರಾಯಪ್ಪನಿಗೆ ಓದು ಬರುತ್ತಿತ್ತು. ಬರೆಯಹೋದರೆ ಅಕ್ಷರ ಕೈಯಲ್ಲೇ ಮುರಿದು ಬೀಳುತ್ತಿತ್ತು. ಮಾಸ್ತರರು ಗೆಣ್ಣು ಬಾಯುವಂತೆ ಹೊಡೆದ ದಿನ ಅಪ್ಪ ಏನೂ ಅನ್ನದೆ ಶಾಲೆ ಬಿಡಿಸಿದ್ದ.

ಬಾಯವ್ವ ಅವನನ್ನು ಒಳಗೆ ಕರೆತಂದಳು.

“ನನ್ನ ಕೈ ನೋಡಿ ಅಪ್ಪ ನಾಚಕೊಂಡಿದ್ದ, ಅತ್ತಿ. ಇವತ್ತ ಊರೆಲ್ಲಾ ನೋಡತೈತಿ.”

“ನಿಮ್ಮಪ್ಪ ಬರದಿದ್ದು ಎಂದಾರ ನೋಡೀಯೇನು?”

ರಾಯಪ್ಪ ನೆನೆದ. ಅಪ್ಪನ ಬೆರಳಿಗೆ ಯಾವಾಗಲೂ ಅರಿವೆ ಸುತ್ತಿರುತ್ತಿತ್ತು. ಸಹಿ ಕೇಳಿದರೆ ಮುಳ್ಳು ಚುಚ್ಚಿದೆ ಎನ್ನುತ್ತಿದ್ದ.

“ಸವದತ್ತಿ ಸೀಮಿ ಜಾಲಿಮುಳ್ಳೆಲ್ಲಾ ಆ ಒಂದ ಬೆರಳಿಗೆ ಬರತಿದ್ವು,” ಎಂದು ಬಾಯವ್ವ ತಮ್ಮನ ಬೆರಳಿನ ಅರಿವೆ ಬಿಚ್ಚಿದಳು. ಒಳಗೆ ಗಾಯದ ಕಲೆಯೂ ಇರಲಿಲ್ಲ. ಅವಳು ಹಳೆಯದೊಂದು ಮಾತು ತೆಗೆದಳು.

*

ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಬಾಯವ್ವ, ನಿಜಗುಣಪ್ಪರ ಅಪ್ಪ ತೀರಿಕೊಂಡಿದ್ದ. ಕುಣಿಯ ಹತ್ತಿರ ಅಕ್ಕ, ತಮ್ಮ, ಮಠದ ಮುದಿ ಅಯ್ಯನವರು ಬಿಟ್ಟರೆ ಯಾರೂ ಇಲ್ಲ. ನಿಜಗುಣಪ್ಪ ಕೊರೆದ ಮೊದಲ ಅಕ್ಷರವೇ ತಲೆಕೆಳಗಾಯಿತು. ಮತ್ತೊಂದು ಗಟ್ಟಿ ಒಡೆಯಿತು.

“ಓದೂದು ಬರತೈತ್ರಿ. ಕೈ ಮಾತ ಕೇಳಂಗಿಲ್ಲ.”

ಅಯ್ಯನವರು ಕಡ್ಡಿ ತೆಗೆದುಕೊಂಡರು. “ಬಾಯಿ ಕೇಳತೈತಲ್ಲೋ ತಮ್ಮಾ, ಶಿವನ ಹೆಸರ ಬಾಯಿಂದ ಹೇಳ,” ಎಂದು ಬರೆಯದ ಗಟ್ಟಿಯನ್ನು ಅವನ ತುಟಿಯ ಹತ್ತಿರ ಹಿಡಿದರು.

*

ಹೊತ್ತು ಇಳಿಯುವಾಗ ಬಾಯವ್ವ ತಮ್ಮನ ಮಣ್ಣು ಮುಗಿಸಿ ಹೊಲದಿಂದ ಮರಳಿದಳು. ಹಸುಗೂಸಿಗಾಗಿ ಮನೆಯಲ್ಲೇ ಉಳಿದಿದ್ದ ಸೀತವ್ವ ಅವಳ ಕಾಲಿಗೆ ನೀರು ಹಾಕಿದಳು. ಹಿಂದೆ ಮಂದಿಯ ನಡುವೆ ರಾಯಪ್ಪ ಬರುತ್ತಿದ್ದ. ಎರಡೂ ಅಂಗೈ ಬೆಳ್ಳಗಿದ್ದವು.

“ಅತ್ತಿ, ಅವರು ಬರದ್ರೇನ್ರಿ?”

“ಗಟ್ಟಿ ತುಟಿ ಹತ್ರ ಹಿಡಕೊಂಡು ಊರ ಮುಂದ ನಿಂತಾ. ಕಡ್ಡಿ ಅಯ್ಯಗೋಳಿಗೆ ತಿರುಗಿ ಕೊಟ್ಟಾ.” ಬಾಯವ್ವ ಸೊಸೆಯ ಮುಖ ನೋಡಿದಳು. “ನೀ ಈ ಬಾಗಲದಾಗ ನಿಂತಿದ್ದೀ. ಹೊಲದ ಕಡೆಯಿಂದ ಏನ ಕೇಳಿತು, ಯಾರ ದನಿ ಇದ್ದಂಗಿತ್ತು, ನೀನ ಹೇಳ ನೋಡೋಣು.”